ಬೈಕಿಗೆ ಜಿಪಿಎಸ್: ಬ್ಯಾಟರಿ ಇಳಿಯುವುದು ಯಾಕೆ, ವೈರು ಎಲ್ಲಿಂದ ಎಳೆಯಬೇಕು?

ಪ್ರಶ್ನೆ: ನನ್ನ ಬೈಕಿನ ಹ್ಯಾಂಡಲ್‌ಗೆ ಜಿಪಿಎಸ್ ಹಾಕಿಕೊಂಡಿದ್ದೇನೆ. ಬೈಕಿನ ಬ್ಯಾಟರಿಯಿಂದ ನೇರವಾಗಿ ವೈರು ತೆಗೆದು, ಸೀಟಿನ ಕೆಳಗೇ ಒಂದು ಯುಎಸ್‌ಬಿ ಚಾರ್ಜರ್ ಇಟ್ಟೆ. ಅಲ್ಲಿಂದ ಹ್ಯಾಂಡಲ್‌ವರೆಗೆ ಎರಡು ಮೀಟರಿನ ಯುಎಸ್‌ಬಿ ಕೇಬಲ್ ಎಳೆದಿದ್ದೇನೆ. ಈಗ ಮೂರು ತೊಂದರೆ. ಗುಂಡಿಗೆ ಬಿದ್ದಾಗಲೆಲ್ಲ ಚಾರ್ಜಿಂಗ್ ತಪ್ಪಿದೆ ಎಂಬ ಸಂದೇಶ ಬಂದು ಪರದೆ ಮಂಕಾಗುತ್ತದೆ. ಚಾರ್ಜ್ ಆಗುತ್ತಿರುವ ಗುರುತು ಇದ್ದರೂ ಸಂಜೆ ಹೊತ್ತಿಗೆ ಜಿಪಿಎಸ್ ಬ್ಯಾಟರಿ ಖಾಲಿ. ಮೊನ್ನೆ ಮೂರು ವಾರ ಬೈಕು ನಿಲ್ಲಿಸಿ ಬಂದು ಸೆಲ್ಫ್ ಒತ್ತಿದರೆ ಟಕ್ ಅಂದಿತು, ಅಷ್ಟೇ. ರಿಲೇ ಹಾಕಿಸು ಎಂದು ಒಬ್ಬರು ಹೇಳುತ್ತಾರೆ, ಹೆಡ್‌ಲೈಟ್ ವೈರಿನಿಂದ ತಗೋ ಎಂದು ಇನ್ನೊಬ್ಬರು. ಯಾವುದು ಸರಿ?

ಉತ್ತರ: ಮೂರೂ ತೊಂದರೆಯಲ್ಲಿ ಜಿಪಿಎಸ್‌ನದು ಏನೂ ತಪ್ಪಿಲ್ಲ. ಹೊಸದು ಕೊಳ್ಳುವ ಯೋಚನೆ ಇದ್ದರೆ ಬಿಡಿ. ಚಾರ್ಜರ್ ಇರಬೇಕಾದ ಜಾಗದಲ್ಲಿ ಇಲ್ಲ, ವೈರು ಸೇರಬೇಕಾದ ಜಾಗಕ್ಕೆ ಸೇರಿಲ್ಲ, ಎಲ್ಲೋ ಒಂದು ಜಾಯಿಂಟು ಸಡಿಲ ಇದೆ. ಇಷ್ಟೇ.

ಸಂಜೆಗೆ ಖಾಲಿಯಾಗುವ ವಿಷಯ ಮೊದಲು ನೋಡೋಣ. ನನಗೆ ಇದೇ ಹೆಚ್ಚು ಕುತೂಹಲದ್ದು, ಯಾಕೆಂದರೆ ಮೇಲ್ನೋಟಕ್ಕೆ ಎಲ್ಲ ಸರಿಯಾಗಿಯೇ ಇದೆ. ಅಗ್ಗದ ಯುಎಸ್‌ಬಿ ಕೇಬಲ್ಲಿನ ಒಳಗೆ ವಿದ್ಯುತ್ ಹರಿಯುವ ತಾಮ್ರದ ಎಳೆಗಳು ತುಂಬ ತೆಳು. ಎಷ್ಟೋ ಕೇಬಲ್ಲುಗಳಲ್ಲಿ ಅದು 0.08 ಸ್ಕ್ವೇರ್ ಎಂಎಂ ಅಷ್ಟೇ. ಕೇಬಲ್ ಎರಡು ಮೀಟರ್, ಆದರೆ ಕರೆಂಟು ಹೋಗಿ ವಾಪಸ್ ಬರಬೇಕಲ್ಲ, ಹಾಗಾಗಿ ಲೆಕ್ಕಕ್ಕೆ ನಾಲ್ಕು ಮೀಟರ್. ಇಷ್ಟು ತೆಳುವಾದ ನಾಲ್ಕು ಮೀಟರ್ ತಾಮ್ರದ ತಡೆ ಹತ್ತಿರ ಹತ್ತಿರ 0.9 ಓಮ್. ಒಂದು ಆಂಪ್ ಹರಿದರೆ ದಾರಿಯಲ್ಲೇ 0.9 ವೋಲ್ಟ್ ಹೋಯಿತು. ಚಾರ್ಜರ್ 5 ವೋಲ್ಟ್ ಕೊಟ್ಟರೂ ಜಿಪಿಎಸ್‌ಗೆ ಸಿಗುವುದು 4.1. ಚಾರ್ಜಿಂಗ್ ಗುರುತು ತೋರಿಸಲು ಅಷ್ಟು ಸಾಕು. ಆದರೆ ಬಿಸಿಲಿನಲ್ಲಿ ಪೂರ್ತಿ ಬೆಳಕಿಟ್ಟ ಪರದೆ ತಿನ್ನುವಷ್ಟು ಕರೆಂಟನ್ನು ಅದರಿಂದ ಎಳೆದುಕೊಳ್ಳಲು ಆಗುವುದಿಲ್ಲ. ಕೊರತೆ ಬಿದ್ದದ್ದನ್ನು ಜಿಪಿಎಸ್ ತನ್ನ ಒಳಗಿನ ಬ್ಯಾಟರಿಯಿಂದ ತುಂಬಿಕೊಳ್ಳುತ್ತದೆ. ಸಂಜೆಗೆ ಅದೂ ಮುಗಿಯುತ್ತದೆ.

ಈಗ ಇದನ್ನೇ ತಿರುಗಿಸಿ ನೋಡಿ. ಯುಎಸ್‌ಬಿಯಲ್ಲಿ 5 ವೋಲ್ಟ್, 2 ಆಂಪ್ ಎಂದರೆ 10 ವಾಟ್. ಅದೇ 10 ವಾಟನ್ನು 12 ವೋಲ್ಟಿನಲ್ಲಿ ಸಾಗಿಸಿದರೆ, ಚಾರ್ಜರಿನಲ್ಲಿ ಆಗುವ ನಷ್ಟ ಸೇರಿಸಿದರೂ ಒಂದು ಆಂಪ್ ಸುತ್ತಮುತ್ತ ಸಾಕು. 0.75 ಸ್ಕ್ವೇರ್ ಎಂಎಂ ವೈರಿನಲ್ಲಿ ಒಂದೂವರೆ ಮೀಟರ್ ಹೋಗಿ ಬಂದರೆ ಬೀಳುವುದು 0.07 ವೋಲ್ಟ್. 12ರಲ್ಲಿ 0.07 ಲೆಕ್ಕಕ್ಕೇ ಇಲ್ಲ. ಹಾಗಾಗಿ ದೂರದ ದಾರಿಯನ್ನು 12 ವೋಲ್ಟ್ ನಡೆಯಲಿ, 5 ವೋಲ್ಟಿಗೆ ಗೇಣುದ್ದದ ದಾರಿ ಮಾತ್ರ ಇರಲಿ. ಅಂದರೆ ಚಾರ್ಜರನ್ನು ಸೀಟಿನ ಕೆಳಗಿಂದ ಎಬ್ಬಿಸಿ ಮುಂದಕ್ಕೆ ತನ್ನಿ. ಹೆಡ್‌ಲೈಟ್ ಹಿಂದೆ ಅಥವಾ ಹ್ಯಾಂಡಲ್ ಹತ್ತಿರ ಕೂರಿಸಿ. ಅಲ್ಲಿಂದ ಜಿಪಿಎಸ್‌ಗೆ ಮೂವತ್ತು ಸೆಂಟಿಮೀಟರ್ ಕೇಬಲ್ ಸಾಕು. ಮುಂದೆ ಮಳೆ ಹೊಡೆಯುತ್ತದೆ, ನಿಜ. ಅದಕ್ಕೆ ರಾಳ ತುಂಬಿ ಪೂರ್ತಿ ಮುಚ್ಚಿದ ಚಾರ್ಜರುಗಳು ಸಿಗುತ್ತವೆ, ಅಂಥದ್ದನ್ನೇ ಆರಿಸಿ.

ಇನ್ನು ಬೈಕಿನ ಬ್ಯಾಟರಿ ಇಳಿದ ಕಥೆ. ಜಿಪಿಎಸ್ ಬಿಚ್ಚಿ ಒಳಗಿಟ್ಟಿದ್ದೆನಲ್ಲ, ಕರೆಂಟು ಹೋಗುವುದೆಲ್ಲಿಗೆ ಎಂದು ನಿಮಗೆ ಅನ್ನಿಸಿರಬಹುದು. ಚಾರ್ಜರ್ ಸುಮ್ನೆ ಕೂತಿದ್ದರೂ ತಿನ್ನುತ್ತದೆ. ಅದರ ಒಳಗಿನ ಸರ್ಕ್ಯೂಟು ಯಾವಾಗಲೂ ಎಚ್ಚರ, ಮೇಲೊಂದು ನೀಲಿ ದೀಪ ಬೇರೆ. ಎಲ್ಲ ಸೇರಿ 10 ಮಿಲಿ ಆಂಪ್ ಎಂದಿಟ್ಟುಕೊಳ್ಳಿ. ದಿನಕ್ಕೆ 0.24 ಆಂಪ್ ಅವರ್ ಆಯಿತು. ಇಪ್ಪತ್ತೊಂದು ದಿನಕ್ಕೆ 5 ಆಂಪ್ ಅವರ್. ಸಣ್ಣ ಬೈಕಿನ ಬ್ಯಾಟರಿಯ ಒಟ್ಟು ತಾಕತ್ತೇ ಹೆಚ್ಚುಕಡಿಮೆ ಅಷ್ಟು. ಸೆಲ್ಫ್ ಕೈಕೊಡಲು ಪೂರ್ತಿ ಖಾಲಿ ಆಗಬೇಕೆಂದೂ ಇಲ್ಲ, ಅರ್ಧ ಇಳಿದರೂ ಸಾಕು.

ನಿಮ್ಮ ಚಾರ್ಜರ್ ಎಷ್ಟು ತಿನ್ನುತ್ತಿದೆ ಎಂದು ಊಹಿಸುತ್ತ ಕೂರಬೇಡಿ, ಅಳೆದುಬಿಡಿ. ಕೀ ಆಫ್ ಮಾಡಿ, ಬ್ಯಾಟರಿಯ ನೆಗೆಟಿವ್ ವೈರು ಬಿಚ್ಚಿ. ಮಲ್ಟಿಮೀಟರಿನ ಕೆಂಪು ವೈರನ್ನು 10 ಆಂಪ್ ತೂತಿಗೆ ಹಾಕಿ, ಬಿಚ್ಚಿದ ವೈರಿಗೂ ಬ್ಯಾಟರಿಯ ನೆಗೆಟಿವ್ ಟರ್ಮಿನಲ್‌ಗೂ ನಡುವೆ ಮೀಟರು ಹಿಡಿಯಿರಿ. ಸಂಖ್ಯೆ ತೀರಾ ಚಿಕ್ಕದಾಗಿ ಬಂದರೆ ಆಮೇಲೆ ಮಿಲಿ ಆಂಪ್ ಕಡೆಗೆ ಬದಲಾಯಿಸಿ. ಮೀಟರು ಹಾಗೆ ಇರುವಾಗ ಅಪ್ಪಿತಪ್ಪಿಯೂ ಕೀ ಆನ್ ಮಾಡಿ ಸೆಲ್ಫ್ ಒತ್ತಬೇಡಿ, ಮೀಟರಿನ ಫ್ಯೂಸು ಹೋಗುತ್ತದೆ. ನನ್ನದು ಹೋಗಿದೆ, ಒಂದಲ್ಲ ಎರಡು ಸಲ. ಸ್ಪೀಡೋಮೀಟರ್ ಫಲಕದಲ್ಲಿ ಗಡಿಯಾರ ಇರುವ ಬೈಕು ಒಂದೆರಡು ಮಿಲಿ ಆಂಪ್ ತಿನ್ನುವುದು ಸಹಜ. ಚಾರ್ಜರ್ ವೈರು ಬಿಚ್ಚಿ ಮತ್ತೆ ಅಳೆಯಿರಿ. ಎರಡರ ನಡುವಿನ ವ್ಯತ್ಯಾಸವೇ ಕಳ್ಳನ ಪಾಲು.

ಪರಿಹಾರ ಏನೆಂದರೆ, ಕೀ ಆಫ್ ಆದಾಗ ಚಾರ್ಜರೂ ಆಫ್ ಆಗಬೇಕು. ನಿಮಗೆ ಸಲಹೆ ಕೊಟ್ಟ ಇಬ್ಬರೂ ಹೇಳಿದ್ದು ಇದನ್ನೇ, ದಾರಿ ಬೇರೆ ಬೇರೆ. ಇಬ್ಬರೂ ಅರ್ಧ ಸರಿ.

ಮೊದಲು ರಿಲೇ. ರಿಲೇ ಎಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಆಫ್ ಮಾಡುವ ಸ್ವಿಚ್ಚು. ವಾಹನಗಳ ರಿಲೇ ಸಾಮಾನ್ಯವಾಗಿ 30, 40 ಆಂಪ್ ತಾಳುತ್ತದೆ. ಅದರ ಒಳಗಿನ ಸುರುಳಿಯೇ ಆನ್ ಇದ್ದಷ್ಟು ಹೊತ್ತು 150 ಮಿಲಿ ಆಂಪ್ ಆಸುಪಾಸು ತಿನ್ನುತ್ತದೆ. ಒಂದು ಆಂಪಿನ ಜಿಪಿಎಸ್‌ಗೆ ಇದೆಲ್ಲ ಬೇಕಾ? ಮೂಗಿಗಿಂತ ಮೂಗುತಿ ಭಾರ. ಜೊತೆಗೆ ನಾಲ್ಕು ಹೊಸ ಜಾಯಿಂಟು ಸೇರುತ್ತವೆ. ಬೈಕಿನಲ್ಲಿ ಒಂದೊಂದು ಜಾಯಿಂಟೂ ಮುಂದೊಂದು ದಿನ ಕೈಕೊಡುವ ಜಾಗ. ಮುಂದೆ ಫಾಗ್ ಲ್ಯಾಂಪು, ಬಿಸಿಯಾಗುವ ಹ್ಯಾಂಡಲ್ ಹಿಡಿ ಅಂತೆಲ್ಲ ಹಾಕುವ ಆಸೆ ಇದ್ದರೆ ಮಾತ್ರ ಈಗಲೇ ರಿಲೇ ಹಾಕಿಬಿಡಿ, ಆಗ ಅದು ಸರಿಯಾದ ಕೆಲಸ. ಕಾಲುಗಳ ಮೇಲೆ ಸಂಖ್ಯೆ ಬರೆದಿರುತ್ತದೆ. ಡಿಐಎನ್ 72552 ಎಂಬ ಜರ್ಮನ್ ಮಾನಕದ ಸಂಖ್ಯೆಗಳು ಅವು. 30ಕ್ಕೆ ಬ್ಯಾಟರಿಯಿಂದ ಫ್ಯೂಸ್ ದಾಟಿ ಬರುವ ವೈರು, 87ರಿಂದ ನಿಮ್ಮ ಸಾಮಾನುಗಳಿಗೆ, 86ಕ್ಕೆ ಕೀ ಆನ್ ಆದಾಗ ಕರೆಂಟು ಬರುವ ವೈರು, 85 ನೆಗೆಟಿವ್‌ಗೆ.

ಹೆಡ್‌ಲೈಟ್ ವೈರಿನ ಸಲಹೆಯಲ್ಲಿ ಒಂದು ಗುಂಡಿ ಇದೆ. ಹಳೆಯ ಸಣ್ಣ ಬೈಕುಗಳು ಎಷ್ಟೋ ಇವೆ, ಅವುಗಳಲ್ಲಿ ಹೆಡ್‌ಲೈಟಿಗೆ ಬ್ಯಾಟರಿಯ ಸಂಬಂಧವೇ ಇಲ್ಲ. ಎಂಜಿನ್ ತಿರುಗಿದಾಗ ಹುಟ್ಟುವ ಎಸಿ ಕರೆಂಟು ಸೀದಾ ಬಲ್ಬಿಗೆ ಹೋಗುತ್ತದೆ. ಬಲ್ಬಿಗೆ ಎಸಿ ಆದರೇನು, ಡಿಸಿ ಆದರೇನು, ಉರಿಯುತ್ತದೆ. ನಿಮ್ಮ ಚಾರ್ಜರಿಗೆ ಹಾಗಲ್ಲ, ಅದಕ್ಕೆ ಡಿಸಿಯೇ ಬೇಕು. ಎಸಿ ಕೊಟ್ಟರೆ ಸುಟ್ಟೇ ಹೋಗಬಹುದು. ಗುರುತಿಸುವುದು ಸುಲಭ. ಎಂಜಿನ್ ಆಫ್ ಇಟ್ಟು ಕೀ ಮಾತ್ರ ಆನ್ ಮಾಡಿದಾಗ ಹೆಡ್‌ಲೈಟ್ ಹತ್ತುವುದಿಲ್ಲ, ಎಂಜಿನ್ ಹತ್ತಿದ ಮೇಲೆ ಆಕ್ಸಿಲರೇಟರ್ ತಿರುಗಿಸಿದಷ್ಟೂ ಬೆಳಕು ಏರುತ್ತದೆ ಎಂದರೆ ಆ ವೈರಿನ ಸಹವಾಸ ಬೇಡ. ಮೀಟರನ್ನು ಡಿಸಿ ವೋಲ್ಟಿಗೆ ಇಟ್ಟು ಖಾತ್ರಿ ಮಾಡಿಕೊಳ್ಳಿ. ಡಿಸಿ ಹೆಡ್‌ಲೈಟ್ ಇರುವ ಬೈಕುಗಳಲ್ಲೂ ಹಲವು ಸೆಲ್ಫ್ ಒತ್ತಿದಷ್ಟು ಹೊತ್ತು ಹೆಡ್‌ಲೈಟ್ ಆರಿಸುತ್ತವೆ. ಪ್ರತಿ ಸಲ ಸ್ಟಾರ್ಟ್ ಮಾಡುವಾಗ ಜಿಪಿಎಸ್‌ಗೆ ಒಂದು ಕ್ಷಣ ಕರೆಂಟು ತಪ್ಪುತ್ತದೆ.

ಹಾಗಾದರೆ ಎಲ್ಲಿಂದ? ನಿಮ್ಮ ಬೈಕಿನಲ್ಲಿ ಕಂಪನಿಯೇ ಬಿಟ್ಟಿರುವ ಹೆಚ್ಚುವರಿ ಕನೆಕ್ಟರ್ ಇದೆಯಾ ನೋಡಿ. ಹೆಡ್‌ಲೈಟ್ ಹಿಂದೆ ಅಥವಾ ಸೀಟಿನ ಕೆಳಗೆ ಮುಚ್ಚಳ ಹಾಕಿಕೊಂಡು ಸುಮ್ಮನೆ ನೇತಾಡುತ್ತಿರುತ್ತದೆ. ಬೈಕಿನ ಕೈಪಿಡಿಯ ವೈರಿಂಗ್ ಚಿತ್ರದಲ್ಲಿ ಸಿಗುತ್ತದೆ. ಇದ್ದರೆ ಅದೇ ಎಲ್ಲಕ್ಕಿಂತ ಒಳ್ಳೆಯದು. ಇಲ್ಲದಿದ್ದರೆ ನಾನು ಮುಂದಿನ ಬ್ರೇಕ್ ಸ್ವಿಚ್ಚಿಗೆ ಬರುವ ವೈರನ್ನು ಹುಡುಕುತ್ತೇನೆ. ಅದು ಹ್ಯಾಂಡಲ್ ಮೇಲೇ ಇದೆ, ಹೆಚ್ಚಿನ ಬೈಕುಗಳಲ್ಲಿ ಕೀ ಆನ್ ಆದ ಕೂಡಲೇ ಅದರಲ್ಲಿ 12 ವೋಲ್ಟ್ ಬರುತ್ತದೆ, ಬ್ಯಾಟರಿಯಿಂದಲೇ ಬರುತ್ತದೆ. ಸ್ವಿಚ್ಚಿಗೆ ಬರುವ ಕಡೆಯ ವೈರು ನೆನಪಿರಲಿ. ಸ್ವಿಚ್ಚಿನಿಂದ ಹೋಗುವ ಕಡೆಗೆ ಹಾಕಿದರೆ ಬ್ರೇಕ್ ಹಿಡಿದಾಗ ಮಾತ್ರ ಚಾರ್ಜ್ ಆಗುತ್ತದೆ! ಮೀಟರ್ ಇಟ್ಟು, ಬ್ರೇಕ್ ಹಿಡಿಯದೆ, ಕೀಯನ್ನು ಆನ್ ಆಫ್ ಮಾಡಿ ನೋಡಿದರೆ ಯಾವುದೆಂದು ತಿಳಿಯುತ್ತದೆ.

ಹೊಸ ದೊಡ್ಡ ಬೈಕುಗಳಲ್ಲಿ ದೀಪ, ಹಾರ್ನ್ ಎಲ್ಲವನ್ನೂ ಒಂದು ಕಂಪ್ಯೂಟರ್ ನಡೆಸುತ್ತಿರುತ್ತದೆ, ಕ್ಯಾನ್ ಬಸ್ ಎನ್ನುವ ವ್ಯವಸ್ಥೆ. ಅಂಥ ಬೈಕಿನಲ್ಲಿ ಸಿಕ್ಕ ವೈರಿಗೆ ಕೈ ಹಾಕಬೇಡಿ. ಹೆಚ್ಚುವರಿ ಕರೆಂಟು ಹೋಗುವುದನ್ನು ಅದು ದೋಷ ಎಂದುಕೊಂಡು ಆ ಲೈನನ್ನೇ ಬಂದ್ ಮಾಡಬಹುದು. ಅಲ್ಲಿ ಕಂಪನಿಯ ಸಾಕೆಟ್ಟೇ ಗತಿ.

ಬ್ರೇಕಿನ ಲೈನಿನಿಂದ ಕವಲು ತೆಗೆಯುವಾಗ ಭಯ ಆಗುವುದು ಸರಿಯೇ. ನಿಮ್ಮ ವೈರು ಎಲ್ಲೋ ಉಜ್ಜಿ ಶಾರ್ಟ್ ಆದರೆ ಆ ಲೈನಿನ ಫ್ಯೂಸ್ ಹೋಗಿ ಬ್ರೇಕ್ ಲೈಟೂ ಹೋಗುತ್ತದಲ್ಲ. ಅದಕ್ಕೇ ಕವಲಿಗೆ ಅದರದ್ದೇ ಫ್ಯೂಸ್ ಬೇಕು, 2 ಆಂಪಿನದು. ಬೈಕಿನ ಫ್ಯೂಸ್ ಸಾಮಾನ್ಯವಾಗಿ 10 ಆಂಪ್ ಆಸುಪಾಸು ಇರುವುದರಿಂದ ಮೊದಲು ಹೋಗುವುದು ನಿಮ್ಮದು, ಬ್ರೇಕ್ ಲೈಟ್ ಉಳಿಯುತ್ತದೆ. ಫ್ಯೂಸ್ ಇರುವುದು ಜಿಪಿಎಸ್ ಕಾಪಾಡಲು ಎಂದು ಬಹಳ ಜನ ತಿಳಿದಿದ್ದಾರೆ. ಅಲ್ಲ. ಅದು ಕಾಪಾಡುವುದು ವೈರನ್ನು, ಅಂದರೆ ವೈರು ಕೆಂಪಗೆ ಕಾದು ಪೆಟ್ರೋಲ್ ಟ್ಯಾಂಕಿನ ಕೆಳಗೆ ಹೊತ್ತಿಕೊಳ್ಳದಂತೆ. ಹಾಗಾಗಿ ಫ್ಯೂಸ್ ಕವಲೊಡೆದ ಜಾಗಕ್ಕೆ ಒತ್ತಿಕೊಂಡಂತೆ ಇರಬೇಕು, ಹತ್ತು ಹದಿನೈದು ಸೆಂಟಿಮೀಟರ್ ಒಳಗೆ. ಜಿಪಿಎಸ್ ಪಕ್ಕ ಹಾಕಿದ ಫ್ಯೂಸು ಅದರ ಹಿಂದಿನ ವೈರನ್ನು ಕಾಯುವುದಿಲ್ಲ. ನೀವು ಈಗ ಬ್ಯಾಟರಿಯಿಂದ ನೇರ ಎಳೆದಿರುವ ವೈರಿನಲ್ಲಿ ಫ್ಯೂಸ್ ಇದೆಯೋ ಇಲ್ಲವೋ ಪತ್ರದಲ್ಲಿ ಬರೆದಿಲ್ಲ. ಇಲ್ಲದಿದ್ದರೆ ಇವತ್ತೇ ಬಿಚ್ಚಿ.

ನೆಗೆಟಿವ್ ವೈರನ್ನು ಹ್ಯಾಂಡಲ್ ಮೇಲಿನ ಯಾವುದೋ ಬೋಲ್ಟಿಗೆ ಸಿಕ್ಕಿಸುವ ಆಸೆ ಬರುತ್ತದೆ. ಬೇಡ. ಹ್ಯಾಂಡಲ್‌ನಿಂದ ಫ್ರೇಮಿಗೆ ಕರೆಂಟು ಹೋಗಬೇಕಾದರೆ ಗ್ರೀಸ್ ತುಂಬಿದ ಸ್ಟೀರಿಂಗ್ ಬೇರಿಂಗ್ ದಾಟಬೇಕು. ಕೆಲವು ಬೈಕುಗಳಲ್ಲಿ ಹ್ಯಾಂಡಲ್ ರಬ್ಬರಿನ ಮೇಲೆ ಕೂತಿರುತ್ತದೆ. ನೆಗೆಟಿವ್‌ಗೂ ಸರಿಯಾದ ವೈರು ಎಳೆದು ಬ್ಯಾಟರಿಗೇ ಕೊಡಿ, ಅಥವಾ ಹೆಡ್‌ಲೈಟ್ ಹಿಂದಿನ ಕನೆಕ್ಟರಿನಲ್ಲಿರುವ ಬೈಕಿನದೇ ನೆಗೆಟಿವ್ ವೈರಿಗೆ ಸೇರಿಸಿ.

ಗುಂಡಿಗೆ ಬಿದ್ದಾಗ ಚಾರ್ಜಿಂಗ್ ತಪ್ಪುವ ವಿಷಯಕ್ಕೆ ಬರೋಣ. ಬೈಕು ನಿಲ್ಲಿಸಿ, ಕೀ ಆನ್ ಮಾಡಿ, ಜಿಪಿಎಸ್ ಹಾಕಿ. ಒಂದೊಂದೇ ಜಾಯಿಂಟನ್ನು ಬೆರಳಿನಿಂದ ಅಲುಗಾಡಿಸುತ್ತ ಬನ್ನಿ. ಮೊದಲು ಜಿಪಿಎಸ್‌ಗೆ ಚುಚ್ಚುವ ಪಿನ್ನು, ಆಮೇಲೆ ಚಾರ್ಜರಿಗೆ ಚುಚ್ಚುವ ಕಡೆ, ಆಮೇಲೆ ವೈರು ಸೇರಿಸಿದ ಜಾಗ, ಕೊನೆಗೆ ಬ್ಯಾಟರಿ ಟರ್ಮಿನಲ್. ಎಲ್ಲಿ ಸಂದೇಶ ಬಂತೋ ಅಲ್ಲೇ ಕಳ್ಳ ಸಿಕ್ಕ. ಹೆಚ್ಚಾಗಿ ಅದು ಮೊದಲನೆಯದೇ ಆಗಿರುತ್ತದೆ. ಸಾಧಾರಣ ಮೈಕ್ರೋ ಯುಎಸ್‌ಬಿ ಪಿನ್ನು ಇಡೀ ದಿನದ ಅದುರಾಟಕ್ಕೆ ಹುಟ್ಟಿದ್ದಲ್ಲ. ನಿಮ್ಮ ಜಿಪಿಎಸ್‌ಗೆ ಬೈಕಿಗೆಂದೇ ಮಾಡಿದ, ಸ್ಪ್ರಿಂಗ್ ಪಿನ್ನುಗಳಿರುವ ತೊಟ್ಟಿಲು, ಅಂದರೆ ಜಿಪಿಎಸ್ ಕೂರಿಸುವ ಹೋಲ್ಡರ್, ಸಿಗುವುದಾದರೆ ಅದನ್ನೇ ತೆಗೆದುಕೊಳ್ಳಿ, ಕೊಟ್ಟ ಹಣಕ್ಕೆ ಮೋಸವಿಲ್ಲ. ಇಲ್ಲವೆಂದರೆ ಎಲ್ ಆಕಾರದ ಪಿನ್ನಿರುವ ಕೇಬಲ್ ತಂದು, ಪಿನ್ನಿನಿಂದ ಎರಡು ಇಂಚು ಆಚೆ ಅದನ್ನು ಹೋಲ್ಡರಿಗೇ ಕಟ್ಟಿ. ಅದುರಿದರೆ ಕೇಬಲ್ಲೂ ಜಿಪಿಎಸ್ಸೂ ಒಟ್ಟಿಗೆ ಅದುರಲಿ. ಒಂದು ಅದುರಿ ಇನ್ನೊಂದು ನಿಂತರೆ ಪಿನ್ನು ಸವೆಯುತ್ತದೆ.

ಎರಡನೆಯ ಅನುಮಾನ ವೈರು ಸೇರಿಸಿದ ಜಾಗ. ಎರಡು ವೈರು ಹೊಸೆದು ಟೇಪು ಸುತ್ತಿದ್ದರೆ ಅದನ್ನು ಜಾಯಿಂಟು ಎನ್ನಲಾಗದು. ಎಂಜಿನ್ ಬಿಸಿಗೆ ಟೇಪಿನ ಅಂಟು ಕರಗಿ ಬಿಚ್ಚಿಕೊಳ್ಳುತ್ತದೆ. ಇನ್ನು ಆ ಬಣ್ಣದ ಪ್ಲಾಸ್ಟಿಕ್ ಕ್ಲಿಪ್ಪುಗಳು, ವೈರು ಕತ್ತರಿಸದೆ ಇಕ್ಕಳದಲ್ಲಿ ಒತ್ತಿದರೆ ಒಳಗಿನ ತಗಡು ಇನ್ಸುಲೇಶನ್ ಸೀಳಿ ತಾಮ್ರ ಮುಟ್ಟುತ್ತದಲ್ಲ, ಅವೂ ನನಗೆ ಇಷ್ಟವಿಲ್ಲ. ತಗಡು ಕೆಲವು ಎಳೆಗಳನ್ನೂ ಕಡಿಯುತ್ತದೆ, ಸೀಳಿನಲ್ಲಿ ನೀರು ಇಳಿಯುತ್ತದೆ, ಒಂದು ಮಳೆಗಾಲ ಕಳೆದರೆ ಒಳಗೆ ಹಸಿರು ಕಿಲುಬು. ಅದೂ ಬ್ರೇಕ್ ಲೈಟಿನ ವೈರಿನ ಮೇಲೆ!

ಬೆಸುಗೆ ಹಾಕಿದರೆ ಗಟ್ಟಿ ಅಲ್ವಾ ಎಂದು ಕೇಳುತ್ತೀರಿ. ಮನೆಯ ರೇಡಿಯೋಗೆ ಸರಿ. ಬೆಸುಗೆಯ ಸೀಸ ಎಳೆಗಳ ನಡುವೆ ಹರಿದು ಅಷ್ಟು ಭಾಗವನ್ನು ಕಡ್ಡಿಯಂತೆ ಗಟ್ಟಿ ಮಾಡುತ್ತದೆ. ಗಟ್ಟಿ ಭಾಗ ಮುಗಿದು ಮೆತ್ತಗಿನ ಭಾಗ ಶುರುವಾಗುವ ಆ ಗೆರೆಯಲ್ಲೇ ಅದುರಾಟವೆಲ್ಲ ಸೇರಿ, ಎಳೆಗಳು ಒಂದೊಂದಾಗಿ ತುಂಡಾಗುತ್ತವೆ. ಹೊರಗಿಂದ ಏನೂ ಕಾಣುವುದಿಲ್ಲ. ನನ್ನ ಹಳೆಯ ಬೈಕಿನಲ್ಲಿ ಹೀಗೆ ತುಂಡಾದ ವೈರನ್ನು ಇನ್ಸುಲೇಶನ್ ಒಂದೇ ಹಿಡಿದುಕೊಂಡಿತ್ತು. ಹ್ಯಾಂಡಲ್ ಎಡಕ್ಕೆ ತಿರುಗಿಸಿದರೆ ಆನ್, ಬಲಕ್ಕೆ ಆಫ್. ಹುಡುಕಲು ಎರಡು ದಿನ ಹಿಡಿಯಿತು. ಅಂದಿನಿಂದ ಒಳ್ಳೆಯ ಕ್ರಿಂಪಿಂಗ್ ಇಕ್ಕಳದಲ್ಲಿ ಒತ್ತಿದ ಟರ್ಮಿನಲ್, ಅದರ ಮೇಲೆ ಒಳಬದಿಗೆ ಅಂಟು ಸವರಿದ, ಬಿಸಿ ತಾಗಿದರೆ ಕುಗ್ಗಿ ಬಿಗಿಯಾಗುವ ಹೀಟ್ ಶ್ರಿಂಕ್ ಕೊಳವೆ, ಇಷ್ಟೇ ನನ್ನ ಪದ್ಧತಿ. ಒತ್ತಿದ ಮೇಲೆ ವೈರನ್ನು ಕೈಯಲ್ಲಿ ಜಗ್ಗಿ ನೋಡಿ. ಬಂದುಬಿಟ್ಟರೆ ಈಗಲೇ ಬರಲಿ.

ವೈರು ಎಳೆಯುವಾಗ ಬೈಕಿನ ಮೂಲ ವೈರುಗಳ ಗೊಂಚಲು ಹೋದ ದಾರಿಯಲ್ಲೇ ಹೋಗಿ. ಬಿಸಿ ಪೈಪು ಎಲ್ಲಿದೆ, ಟ್ಯಾಂಕು ಎಲ್ಲಿ ಒತ್ತುತ್ತದೆ ಎಂದೆಲ್ಲ ಕಂಪನಿಯವರು ಲೆಕ್ಕ ಹಾಕಿಯೇ ಆ ದಾರಿ ಆರಿಸಿರುತ್ತಾರೆ. ಸ್ಟೀರಿಂಗ್ ತಲೆಯ ಹತ್ತಿರ ಸಾಕಷ್ಟು ಸಡಿಲ ಬಿಡಿ. ಚಾರ್ಜರಿನ ಮುಂಚೆ ವೈರು ಒಂದು ಬಳುಕು ಕೆಳಗಿಳಿದು ಮೇಲೇರಲಿ, ಮಳೆ ನೀರು ವೈರಿನಗುಂಟ ಹರಿದು ಬಂದರೂ ಅಲ್ಲೇ ತೊಟ್ಟಿಕ್ಕಿ ಬೀಳುತ್ತದೆ.

ಹೋಲ್ಡರ್ ಬಗ್ಗೆ ನೀವು ಕೇಳಿಲ್ಲ, ಆದರೂ ಒಂದೆರಡು ಮಾತು. ಹ್ಯಾಂಡಲ್ ಪೈಪಿನ ದಪ್ಪ ಹೆಚ್ಚಾಗಿ 22 ಮಿಲಿಮೀಟರ್. ಕೆಲವಕ್ಕೆ 25.4, ನಡುವೆ ದಪ್ಪಗಿರುವ ಹ್ಯಾಂಡಲ್‌ಗಳಲ್ಲಿ 28.6. ಅಳತೆಗೆ ಸರಿಯಾದ ಕ್ಲಾಂಪ್ ತನ್ನಿ, ದೊಡ್ಡದು ತಂದು ಟ್ಯೂಬಿನ ರಬ್ಬರ್ ಸುತ್ತಿ ಬಿಗಿ ಮಾಡಿದರೆ ಅದು ತಿರುಗುತ್ತಲೇ ಇರುತ್ತದೆ. ತೋಳು ಚಿಕ್ಕದಿದ್ದಷ್ಟೂ ಅದುರುವುದು ಕಡಿಮೆ. ಮೀಟರಿನ ಎಣ್ಣೆ ದೀಪ, ಇಂಡಿಕೇಟರ್ ದೀಪ ಮರೆಯಾಗಬಾರದು. ತಂಪು ಕನ್ನಡಕ ಪೋಲರೈಸ್ಡ್ ಆಗಿದ್ದರೆ ಅದನ್ನು ಹಾಕಿಕೊಂಡೇ ಪರದೆ ನೋಡಿ, ಕೆಲವು ಕೋನಗಳಲ್ಲಿ ಪರದೆ ಕಪ್ಪಾಗಿಬಿಡುತ್ತದೆ. ಜಿಪಿಎಸ್ ಬದಲು ಫೋನೇ ಸಾಕಲ್ಲ ಎನ್ನಿಸಿದರೆ, ಬೈಕ್ ಎಂಜಿನ್ನಿನ ಜೋರಾದ ಅದುರಾಟ ಐಫೋನ್ ಕ್ಯಾಮೆರಾವನ್ನು ಕೆಡಿಸಬಹುದು ಎಂದು ಆಪಲ್ ಕಂಪನಿಯೇ 2021ರಲ್ಲಿ ಎಚ್ಚರಿಕೆ ಕೊಟ್ಟಿದೆ. ಜಿಪಿಎಸ್ ಯಂತ್ರದಲ್ಲಿ ಅಂಥ ನಾಜೂಕಿನ ಕ್ಯಾಮೆರಾ ಇಲ್ಲ. ಅಷ್ಟರಮಟ್ಟಿಗೆ ನೀವು ಆರಿಸಿದ್ದು ಒಳ್ಳೆಯದೇ.

ಚಾರ್ಜರ್ ಮುಂದೆ ತಂದಮೇಲೆ ಒಂದು ಹೊಸ ತೊಂದರೆ ಕಾಣಿಸಬಹುದು. ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿವೆ, ಅಲ್ಲಿಂದ ಬರುವ ಸಿಗ್ನಲ್ ಬಹಳ ಕ್ಷೀಣ. ಕಳಪೆ ಚಾರ್ಜರುಗಳು ಹೊರಸೂಸುವ ರೇಡಿಯೋ ಗದ್ದಲ ಅದನ್ನು ಮುಳುಗಿಸಿಬಿಡುತ್ತದೆ. ಚಾರ್ಜರ್ ಹಾಕಿದಾಗ ಉಪಗ್ರಹಗಳ ಗೆರೆ ಕುಸಿದು, ಕಿತ್ತಾಗ ಏರಿದರೆ ಚಾರ್ಜರ್ ಬದಲಿಸಿ.

ಕೆಲಸಕ್ಕೆ ಇಳಿಯುವಾಗ ಬ್ಯಾಟರಿಯ ನೆಗೆಟಿವ್ ಮೊದಲು ಬಿಚ್ಚಿ, ಕೊನೆಗೆ ಹಾಕಿ. ಪಾಸಿಟಿವ್ ಮೇಲಿರುವ ಸ್ಪ್ಯಾನರ್ ಜಾರಿ ಫ್ರೇಮಿಗೆ ತಗುಲಿದರೂ ಆಗ ಕಿಡಿ ಬರುವುದಿಲ್ಲ. ಎಲ್ಲ ಮುಗಿದ ಮೇಲೆ ಬೈಕನ್ನು ನ್ಯೂಟ್ರಲ್‌ನಲ್ಲಿಟ್ಟು ಸ್ಟಾರ್ಟ್ ಮಾಡಿ, ಹ್ಯಾಂಡಲನ್ನು ಈ ಕೊನೆಯಿಂದ ಆ ಕೊನೆಗೆ ತಿರುಗಿಸಿ. ಎಂಜಿನ್ ಸದ್ದು ಏರಿದರೆ ನಿಮ್ಮ ವೈರು ಆಕ್ಸಿಲರೇಟರ್ ಕೇಬಲ್ಲನ್ನು ಎಳೆಯುತ್ತಿದೆ ಎಂದರ್ಥ. ಹಾಗೇ ಬಿಟ್ಟು ರಸ್ತೆಗೆ ಇಳಿಯಬೇಡಿ.

ಇಳಿದುಹೋದ ಆ ಬ್ಯಾಟರಿಯನ್ನೂ ಒಮ್ಮೆ ನೋಡಿಬಿಡಿ. ಲೆಡ್ ಆಸಿಡ್ ಬ್ಯಾಟರಿ ಖಾಲಿಯಾಗಿ ದಿನಗಟ್ಟಲೆ ಕೂತರೆ ಅದರ ತಾಕತ್ತು ಕುಗ್ಗುತ್ತದೆ. ಹೊರಗಿನ ಚಾರ್ಜರಿನಲ್ಲಿ ಪೂರ್ತಿ ತುಂಬಿಸಿ, ವೈರು ಹಾಕದೆ ಒಂದು ರಾತ್ರಿ ಬಿಟ್ಟು, ಬೆಳಿಗ್ಗೆ ಅಳೆಯಿರಿ. 12.6 ವೋಲ್ಟ್ ಅಥವಾ ಜಾಸ್ತಿ ಇದ್ದರೆ ಬಚಾವ್. 12.4ಕ್ಕಿಂತ ಕೆಳಗೆ ಬಂದಿದ್ದರೆ ಹೊಸ ಬ್ಯಾಟರಿಗೆ ತಯಾರಾಗಿ, ವೈರಿಂಗ್ ಎಷ್ಟೇ ಚೆನ್ನಾಗಿ ಮಾಡಿದರೂ ಅದು ಇನ್ನು ಚೇತರಿಸಿಕೊಳ್ಳುವುದು ಕಷ್ಟ.